17 ದಿನ ಏನೂ ತಿನ್ನದ ಆಕ್ಸೊಲಾಟಲ್: ಒಂದು ಪ್ರಕರಣ

ಇದು ಬೆಂಗಳೂರಲ್ಲಿ ಒಂದು ಮಾರ್ಚ್ ತಿಂಗಳಲ್ಲಿ ಶುರುವಾಗಿ ಮೇ ದಾಟಿ ನಡೆದಿದ್ದು. ಬರೀರಿ ಅಂತ ಮನೆಯವ್ರೇ ಹೇಳಿದ್ರು, ಹೆಸ್ರು ಏರಿಯಾ ಮಾತ್ರ ಬೇಡ ಅಂದ್ರು, ಹಾಗಾಗಿ ಅದ್ಯಾವ್ದೂ ಇಲ್ಲಿ ಇಲ್ಲ. ಮನೇಲಿ ಮೂರು ಜನ, ಸ್ಕೂಲಲ್ಲಿ ಪಾಠ ಮಾಡೋ ಮೇಡಂ, ಅವ್ರ ಅತ್ತೆ, ಎಂಟನೇ ಕ್ಲಾಸ್ ಓದೋ ಮಗ. ನಾನು ಬಹಳ ವರ್ಷದಿಂದ ಅಕ್ವೇರಿಯಂ ಇಟ್ಕೊಂಡಿರೋನು, ಆಕ್ಸೊಲಾಟಲ್ ಸಾಕಿ ಗೊತ್ತು (ಅದು ಮೀನಲ್ಲ, ಕಪ್ಪೆ ಥರದ ಉಭಯಚರ, ನೀರಲ್ಲೇ ಬದುಕೋ ನಾಲ್ಕು ಕಾಲಿನ ಸಲಮಾಂಡರ್), ಆದ್ರೆ ನಾನು ಡಾಕ್ಟ್ರಲ್ಲ, ಔಷಧಿ ವಿಷ್ಯ ಬಂದಾಗೆಲ್ಲ ಎಕ್ಸಾಟಿಕ್ ಪ್ರಾಣಿ ನೋಡೋ ಡಾಕ್ಟ್ರು ಒಬ್ರನ್ನ ಕೇಳಿಯೇ ಮಾಡಿದ್ದು, ಇದನ್ನ ಓದಿ ಮಾಡೋರೂ ಹಾಗೇ ಮಾಡಿ.

ಹಿನ್ನೆಲೆ

ಅವ್ರ ಬಿಲ್ಡಿಂಗಲ್ಲಿ ಕೆಳಗಿನ ಮನೇಲಿ ಬಾಡಿಗೆಗಿದ್ದೋರು ಖಾಲಿ ಮಾಡ್ಕೊಂಡು ಹೋಗುವಾಗ ಎರಡಡಿ ಟ್ಯಾಂಕ್ ಒಂದನ್ನ ಹಾಗೇ ಬಿಟ್ಟು ಹೋಗಿದ್ರು. ಮನೆ ತೊಳೆಯೋಕೆ ಬಂದೋರು ಅದನ್ನ ಮೋರಿಗೆ ಚೆಲ್ಲೋಕೆ ಎತ್ತಿದಾಗ ಹುಡುಗ ನೋಡಿ ಓಡಿ ಬಂದು ಅಮ್ಮನ್ನ ಕರ್ಕೊಂಡು ಹೋಗಿದಾನೆ. ಒಳಗೆ ಮೂರು ಗೋಲ್ಡ್‌ಫಿಶ್, ತಳದಲ್ಲಿ ಬಣ್ಣಬಣ್ಣದ ಕಲ್ಲು, ಮೂಲೇಲಿ ಇನ್ನೂ ಆನ್ ಆಗೇ ಇದ್ದ ಹೀಟರ್, ಮೇಲೆ ಕಣ್ಣು ಕುಕ್ಕೋ ಎಲ್‌ಇಡಿ ಲೈಟು, ಹೀಟರ್ ಹಿಂದೆ ಒತ್ಕೊಂಡು ಕೂತಿದ್ದ ತಿಳಿ ಗುಲಾಬಿ ಬಣ್ಣದ ಈ ಪ್ರಾಣಿ. ಮೇಡಂಗೆ ಅದು ಏನು ಅಂತಾನೇ ಗೊತ್ತಿರ್ಲಿಲ್ಲ, ಮೀನಿಗೆ ಕಾಲಿದೆ ಅಣ್ಣ ಅಂತ ನಂಗೆ ಫೋಟೋ ಕಳಿಸಿದ್ರು.

ನಾನು ಹೋಗಿ ನೋಡಿದಾಗ ನೀರು 28 ಡಿಗ್ರಿ. ಆಕ್ಸೊಲಾಟಲ್‌ಗೆ ಬೇಕಾಗಿರೋದು 16ರಿಂದ 18, 24 ದಾಟಿದ್ರೆ ಅದ್ರ ಪ್ರಾಣಕ್ಕೇ ಕುತ್ತು. ಇವುಗಳ ಮೂಲ ಊರು ಮೆಕ್ಸಿಕೋ ಸಿಟಿಯ ದಕ್ಷಿಣ ಭಾಗದ ಸೊಚಿಮಿಲ್ಕೋ ಕಾಲುವೆಗಳು, ಸಮುದ್ರ ಮಟ್ಟದಿಂದ 2,200 ಮೀಟರ್‌ಗಿಂತ ಮೇಲೆ, ನಮ್ಮ ಬೆಂಗಳೂರು 900 ಮೀಟರ್ ಮೇಲಿದೆ ಅಂತ ನಾವು ತಂಪೂರು ಅಂತೀವಲ್ಲ, ಅದು ಇದಕ್ಕೆ ತಂಪೇ ಅಲ್ಲ. ಅಕ್ವೇರಿಯಂ ಅಂದ್ರೆ ಹೀಟರ್ ಇರ್ಲೇಬೇಕು ಅನ್ನೋ ಅಭ್ಯಾಸದಲ್ಲಿ ಯಾರೋ ಹಾಕಿದ್ದು, ಪಾಪ ಎಷ್ಟು ತಿಂಗಳಿಂದ ಬೇಯ್ತಿತ್ತೋ.

19 ಸೆಂಟಿಮೀಟರ್ ಉದ್ದ, 44 ಗ್ರಾಂ ತೂಕ. ತೂಕ ನೋಡೋಕೆ ಪ್ರಾಣಿನ ಕೈಲಿ ಹಿಡೀಬಾರ್ದು, ಮೈಮೇಲಿನ ಲೋಳೆ ಪದರ ಹೋಗುತ್ತೆ, ಅಡುಗೆಮನೆ ಸ್ಕೇಲ್ ಮೇಲೆ ನೀರಿರೋ ಡಬ್ಬ ಇಟ್ಟು ಸೊನ್ನೆ ಮಾಡ್ಕೊಂಡು ಅದರೊಳಗೆ ಬಿಟ್ರೆ ಸಾಕು. ಆರೋಗ್ಯವಾಗಿರೋ ಆಕ್ಸೊಲಾಟಲ್‌ಗೆ ಹೊಟ್ಟೆ ತಲೆಯಷ್ಟೇ ಅಗಲ ಇರುತ್ತೆ, ಇದಕ್ಕೆ ತಲೆಯ ಅರ್ಧನೂ ಇರ್ಲಿಲ್ಲ. ತಲೆ ಪಕ್ಕದ ಕಿವಿರು ಪೊದೆ ಥರ ಇರ್ಬೇಕು, ಗೋಲ್ಡ್‌ಫಿಶ್‌ಗಳು ಹುಳ ಅನ್ಕೊಂಡು ಕಿತ್ತು ಕಿತ್ತು ಬರೀ ಮೋಟು ಉಳಿದಿತ್ತು, ಆ ಮೋಟು ಕೂಡ ಮುಂದಕ್ಕೆ ಬಾಗಿತ್ತು. ಬಾಲದ ತುದಿ ಕೊಕ್ಕೆ ಥರ ಸುರುಳಿ. ಬಲಗಡೆ ಕಿವಿರಿನ ಮೇಲೆ ಹತ್ತಿ ಅಂಟಿದ ಹಾಗೆ ಬಿಳಿ ಬೂಷ್ಟು. ಮುಂದಿನ ಎಡಗಾಲಲ್ಲಿ ನಾಲ್ಕು ಬೆರಳಲ್ಲಿ ಎರಡು ಇರ್ಲಿಲ್ಲ. ಬಾಗಿದ ಕಿವಿರು, ಸುತ್ತಿದ ಬಾಲ, ಈ ಎರಡೂ ಒಟ್ಟಿಗೆ ಕಂಡ್ರೆ ಅದು ಕಷ್ಟದಲ್ಲಿದೆ ಅಂತಾನೇ ಅರ್ಥ.

ನೀರು ಟೆಸ್ಟ್ ಮಾಡಿದ್ರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ), ನೈಟ್ರೈಟ್ 1, ಪಿಎಚ್ 8. ಮೊದಲೆರಡೂ ಹೊಲಸು, ಕೊಳೆತ ಊಟದಿಂದ ನೀರಲ್ಲಿ ಸೇರೋ ವಿಷ, ಸೊನ್ನೆ ಇರ್ಬೇಕಾದ್ದು. ಬರೀ ಅಮೋನಿಯಾ ನಂಬರ್ ನೋಡಿದ್ರೆ ಸಾಲಲ್ಲ, ಅದ್ರಲ್ಲಿ ವಿಷ ಆಗೋ ಭಾಗ ಎಷ್ಟು ಅನ್ನೋದು ಪಿಎಚ್ ಮತ್ತೆ ಬಿಸಿ ಮೇಲೆ ನಿಂತಿರುತ್ತೆ, ಇದೇ ಪಿಎಚ್‌ನಲ್ಲಿ 28 ಡಿಗ್ರಿ ನೀರಿಗಿಂತ 18 ಡಿಗ್ರಿ ನೀರಲ್ಲಿ ಆ ಭಾಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ಅಂದ್ರೆ ತಣ್ಣಗೆ ಮಾಡೋದು ಬರೀ ಆರಾಮಕ್ಕಲ್ಲ, ವಿಷ ಇಳಿಸೋ ಕೆಲಸಾನೂ ಹೌದು.

ಮೊದಲ ತೀರ್ಮಾನ, ಮೊದಲ ತಪ್ಪುಗಳು

ಟ್ಯಾಂಕ್ ಕ್ಲೀನ್ ಮಾಡಿ ಅದ್ರಲ್ಲೇ ಇಡೋಣ ಅಂತ ಮೇಡಂ ಅಂದ್ರು, ನಾನು ಬೇಡ ಅಂದೆ. ಹಾಳಾಗಿರೋ ಟ್ಯಾಂಕ್ ಸರಿ ಮಾಡ್ತಾ ಕೂತ್ರೆ ವಾರಗಟ್ಟಲೆ ಬೇಕು, ಅಷ್ಟು ಟೈಮ್ ಇದಕ್ಕಿರ್ಲಿಲ್ಲ. 15 ಲೀಟರ್‌ನ ಹೊಸ ಪ್ಲಾಸ್ಟಿಕ್ ಟಬ್, ಸೋಪು ಮುಟ್ಟಿಸದೆ ತೊಳೆದಿದ್ದು, ಅದ್ರಲ್ಲಿ ಕಾವೇರಿ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಅಡಗಿ ಕೂರೋಕೆ ನಾಲ್ಕಿಂಚು ಪಿವಿಸಿ ಪೈಪಿನ ತುಂಡು, ಮೇಲೆ ಅರ್ಧ ಮುಚ್ಚಿದ ಬಟ್ಟೆ ಯಾಕಂದ್ರೆ ಇವಕ್ಕೆ ಕಣ್ಣು ಮುಚ್ಚೋಕೆ ರೆಪ್ಪೆನೇ ಇಲ್ಲ, ಬೆಳಕು ಬಿದ್ರೆ ಹಿಂಸೆ. ದಿನಾ ಪೂರ್ತಿ ನೀರು ಬದಲಾಯಿಸೋದು, ಹೊಸ ನೀರು ಹಳೇ ನೀರಿನಷ್ಟೇ ತಣ್ಣಗಿರೋ ಹಾಗೆ ನೋಡ್ಕೊಳ್ಳೋದು. ಗೋಲ್ಡ್‌ಫಿಶ್‌ನ ನಾನು ತಗೊಂಡು ಬಂದೆ.

ಇಷ್ಟು ಸರಿ ಮಾಡಿದ್ವಿ. ತಪ್ಪಾಗಿದ್ದು ಊಟದ ವಿಷ್ಯದಲ್ಲಿ. ನಮ್ಮ ಮನೆಗಳಲ್ಲಿ ಯಾರು ಬಂದ್ರೂ ಮೊದಲು ಕೇಳೋದೇ ಊಟ ಆಯ್ತಾ ಅಂತ ಅಲ್ವಾ, ಇಲ್ಲೂ ಅದೇ ಆಯ್ತು. ಅಜ್ಜಿ ಗಂಟೆಗೊಂದ್ ಸಲ ಬಂದು ತಿಂತೇನೋ ಅಂತ ಕೇಳೋರು, ಹುಡುಗ ಸ್ಕೂಲಿಂದ ಬಂದ ತಕ್ಷಣ ಫ್ರೋಜನ್ ಬ್ಲಡ್‌ವರ್ಮ್ ಹಾಕೋನು, ರಾತ್ರಿ ಮೇಡಂ ಪೆಲೆಟ್ ಹಾಕೋರು, ಮೂರನೇ ದಿನ ಸಿಗಡಿ ಚೂರನ್ನ ಇಕ್ಕಳದಲ್ಲಿ ಹಿಡಿದು ಮೂಗಿನ ಹತ್ರನೇ ಅಲ್ಲಾಡಿಸಿದ್ರು. ಅದು ಪ್ರತೀ ಸಲ ಮುಖ ತಿರುಗಿಸಿ ಪೈಪ್ ಒಳಗೆ ಹೋಗೋದು. ತಿನ್ನದೇ ಉಳಿದಿದ್ದೆಲ್ಲ ಕೊಳೆತು ಸಂಜೆ ಹೊತ್ತಿಗೆ ಟಬ್ಬಲ್ಲೂ ಅಮೋನಿಯಾ ಕಾಣಿಸ್ಕೊಳ್ಳೋಕೆ ಶುರು. ನಾವು ಪ್ರೀತಿಯಿಂದ ಹಾಕ್ತಿದ್ದ ಊಟನೇ ಅದ್ರ ನೀರು ಕೆಡಿಸ್ತಿತ್ತು, ಮೂರು ದಿನ ಇದು ನಂಗೂ ಹೊಳೀಲಿಲ್ಲ, ಯಾಕಂದ್ರೆ ನಾನೂ ದಿನಾ ಫೋನ್ ಮಾಡಿ ಕೇಳ್ತಿದ್ದಿದ್ದು ಅದೇ ಪ್ರಶ್ನೆ, ತಿಂತಾ?

ಎರಡನೇ ತಪ್ಪು ಐಸ್ ಬಾಟಲಿ. ಒಂದು ಲೀಟರ್ ಬಾಟಲಿ ಫ್ರೀಜರಲ್ಲಿ ಗಟ್ಟಿ ಮಾಡಿ ಬೆಳಿಗ್ಗೆ ಒಂದು, ರಾತ್ರಿ ಒಂದು ಬಿಡಿ ಅಂತ ನಾನೇ ಹೇಳಿದ್ದೆ. ನೋಡಿದಾಗೆಲ್ಲ ಥರ್ಮಾಮೀಟರ್ 19, 20 ತೋರಿಸೋದು, ಸರಿ ಇದೆ ಅನ್ಕೊಂಡ್ವಿ, ಆದ್ರೆ ಬಾಲದ ಸುರುಳಿ ಬಿಡ್ಲಿಲ್ಲ. ನಾಲ್ಕನೇ ದಿನ ನಾನು ಅತಿ ಕಡಿಮೆ ಅತಿ ಹೆಚ್ಚು ಎರಡನ್ನೂ ನೆನಪಿಟ್ಕೊಳ್ಳೋ ಥರ್ಮಾಮೀಟರ್ ತಂದು ಬಿಟ್ಟೆ, ಮಾರನೇ ದಿನ ನೋಡಿದ್ರೆ 15.5 ಮತ್ತೆ 25! ಬಾಟಲಿ ಬಿಟ್ಟ ಒಂದು ಗಂಟೇಲಿ ದಬ್ ಅಂತ ಇಳಿಯೋದು, ಎಲ್ರೂ ಹೊರಗಡೆ ಹೋಗಿರೋ ಮಧ್ಯಾಹ್ನ ಏರ್ಕೊಂಡು ಹೋಗೋದು, ನಾವು ನೋಡ್ತಿದ್ದಿದ್ದು ಮಧ್ಯದ ಎರಡು ಗಳಿಗೆ ಮಾತ್ರ. ಇಡೀ ಪ್ರಕರಣದಲ್ಲಿ ದಿಕ್ಕು ಬದಲಾಗಿದ್ದು ಇಲ್ಲಿ ಅಂತ ನಾನು ಈಗ್ಲೂ ಹೇಳ್ತೀನಿ, ಮುನ್ನೂರು ನಾನೂರು ರೂಪಾಯಿ ವಸ್ತು ಅದು, ಅದಿಲ್ದೆ ಇದ್ದಿದ್ರೆ ಇನ್ನೂ ಎಷ್ಟು ದಿನ ಊಟದ ಹಿಂದೇನೇ ಓಡ್ತಿದ್ವೋ.

ಇದಕ್ಕೆ ದಾರಿ ಸಿಕ್ಕಿದ್ದು ಥರ್ಮಾಕೋಲ್ ಡಬ್ಬದಿಂದ. ಮೀನು ಮಾರ್ಕೆಟ್ಟಲ್ಲಿ ಐಸ್ ತುಂಬಿ ಮೀನು ತರ್ತಾರಲ್ಲ, ಆ ದಪ್ಪ ಡಬ್ಬ ಒಂದು ತಗೊಂಡು ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು, ಟಬ್ಬನ್ನ ಅದರೊಳಗೆ ಇಳಿಸಿ, ಮುಚ್ಚಳಕ್ಕೆ ಗಾಳಿಯಾಡೋಕೆ ತೂತು ಮಾಡಿ, ದೊಡ್ಡ ಬಾಟಲಿ ಬದಲು ಅರ್ಧ ಲೀಟರ್ ಬಾಟಲಿ, ನಾಲ್ಕು ಗಂಟೆಗೊಂದು, ಅಲಾರಂ ಇಟ್ಕೊಂಡು. ಮಧ್ಯಾಹ್ನದ ಪಾಳಿ ಅಜ್ಜಿದು. ಅಜ್ಜಿ ತಾವೇ ಇನ್ನೊಂದು ಸೇರಿಸಿದ್ರು, ಹಳೇ ಕಾಟನ್ ಪಂಚೆ ಒದ್ದೆ ಮಾಡಿ ಬದಲಿ ನೀರಿನ ಬಕೆಟ್‌ಗೆ ಸುತ್ತಿ ಫ್ಯಾನ್ ಕೆಳಗೆ ಇಟ್ಬಿಡೋರು, ಮಡಿಕೆ ನೀರು ತಣ್ಣಗಾಗಲ್ವೇನಪ್ಪ ಹಂಗೇ ಅಂತ. ಮಾರ್ಚ್ ತಿಂಗಳ ಒಣ ಗಾಳಿಗೆ ಅದು ಮೂರು ಡಿಗ್ರಿ ಇಳಿಸ್ತಿತ್ತು, ಆಮೇಲೆ ಐಸ್ ಕಡಿಮೆ ಸಾಕಾಗೋದು. ಮಳೆಗಾಲದ ತೇವದ ಗಾಳೀಲಿ ಇಷ್ಟು ಇಳಿಯಲ್ಲ. ಎಂಟನೇ ದಿನದ ಹೊತ್ತಿಗೆ ದಿನವಿಡೀ 17ರಿಂದ 19ರ ಒಳಗೆ ನಿಲ್ತು. ಒಂಬತ್ತನೇ ದಿನ ಬೆಳಿಗ್ಗೆ ಬಾಲ ನೇರ ಇತ್ತು.

ಡಾಕ್ಟ್ರು ಹೇಳಿದ್ದು

ಐದನೇ ದಿನ ಡಾಕ್ಟ್ರ ಹತ್ರ ಹೋಗಿದ್ವಿ. ಎಕ್ಸ್‌ರೇಲಿ ಹೊಟ್ಟೆ ಒಳಗೆ ಎರಡು ಕಲ್ಲು, ಅದೇ ಬಣ್ಣದ ಕಲ್ಲು. ಆಕ್ಸೊಲಾಟಲ್ ಕಚ್ಚಿ ತಿನ್ನೋದಲ್ಲ, ಬಾಯಿ ಪಟ್ ಅಂತ ತೆಗೆದು ನೀರು ಸಮೇತ ಒಳಗೆ ಎಳ್ಕೊಳುತ್ತೆ, ಪಕ್ಕದಲ್ಲಿರೋ ಕಲ್ಲೂ ಜೊತೆಗೆ ಹೋಗುತ್ತೆ, ತಲೆಗಿಂತ ಚಿಕ್ಕದಾದ ಯಾವ ಕಲ್ಲೂ ಇದ್ರ ಟ್ಯಾಂಕಲ್ಲಿ ಇರ್ಬಾರ್ದು ಅನ್ನೋದು ಅದಕ್ಕೇ.

ಆಗ ನಮ್ಮ ಮುಂದೆ ಎರಡು ದಾರಿ ಇತ್ತು. ಫ್ರಿಜ್ಜಲ್ಲಿ ಇಡಿ ಅಂತ ಬಹಳ ಜನ ಹೇಳ್ತಾರೆ, 5ರಿಂದ 8 ಡಿಗ್ರೀಲಿ ಡಬ್ಬದಲ್ಲಿ ಇಟ್ರೆ ಕಲ್ಲು ಹೊರಗೆ ಹೋಗೋಕೆ ಸಹಾಯ ಆಗುತ್ತೆ ಅಂತ, ಕೆಲವರಿಗೆ ಅದು ಕೆಲಸ ಮಾಡಿದೆ ಕೂಡ. ಇನ್ನೊಂದು, 16ರಿಂದ 18ರಲ್ಲೇ ಇಟ್ಟು ಊಟ ಪೂರ್ತಿ ನಿಲ್ಲಿಸಿ ಕಾಯೋದು. 28ರಿಂದ ಈಗಷ್ಟೇ ಇಳಿಸಿರೋ, ಇಷ್ಟು ಸೊರಗಿರೋ ಪ್ರಾಣಿಗೆ ಇನ್ನೊಂದು ದೊಡ್ಡ ಬದಲಾವಣೆ ಬೇಡ, ಕಲ್ಲು ಸಣ್ಣದಿದೆ ತಾನಾಗೇ ಹೋಗ್ಬಹುದು, ಒಂದು ವಾರ ಏನೂ ಹಾಕ್ಬೇಡಿ ಅಂದ್ರು ಡಾಕ್ಟ್ರು. ಮೇಡಂ ಕಣ್ಣಲ್ಲಿ ನೀರು ಬಂತು, ಮೊದಲೇ ಒಣಗಿದೆ ಇನ್ನೂ ಒಂದು ವಾರ ಉಪವಾಸನಾ ಅಂತ. ತಣ್ಣನೆ ನೀರಲ್ಲಿ ದೊಡ್ಡ ಆಕ್ಸೊಲಾಟಲ್ ಎರಡು ವಾರ ತಿನ್ನದೇ ಇರ್ಬಲ್ಲದು, ಮೈ ಬಳಸೋ ಶಕ್ತಿನೇ ಕಡಿಮೆ, ಬಿಸಿ ನೀರಲ್ಲಿ ಉಪವಾಸ ಇದ್ದಿದ್ದಕ್ಕೇ ಇಷ್ಟು ಇಳಿದಿರೋದು ಅಂತ ಡಾಕ್ಟ್ರು ಕೂರಿಸಿ ವಿವರಿಸಿದ ಮೇಲೆ ಒಪ್ಪಿದ್ರು.

ಬೂಷ್ಟಿಗೆ ಉಪ್ಪು ನೀರು ಸ್ನಾನ, ಲೀಟರಿಗೆ ಎರಡು ಟೀ ಚಮಚ ಅಯೋಡಿನ್ ಇಲ್ಲದ ಕಲ್ಲುಪ್ಪು, ಹತ್ತು ನಿಮಿಷ, ದಿನಕ್ಕೆರಡು ಸಲ, ಆಮೇಲೆ ಒಳ್ಳೇ ನೀರಿಗೆ. ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷ, ಉಪ್ಪು ಚರ್ಮಾನೂ ಕಿವಿರನ್ನೂ ಸುಡುತ್ತೆ, ಹುಡುಗ ಫೋನಲ್ಲಿ ಟೈಮರ್ ಇಟ್ಕೊಂಡು ಪಕ್ಕದಲ್ಲೇ ಕೂರ್ತಿದ್ದ. ಮೂರನೇ ದಿನ ಬಿಳಿ ಹತ್ತಿ ಕಳಚಿ ಬಿತ್ತು, ಅಲ್ಲಿಗೆ ನಿಲ್ಲಿಸಿದ್ವಿ.

ಒಂಬತ್ತನೇ ದಿನ ಒಂದು ಕಲ್ಲು ಹೊರಗೆ ಬಂತು, ನೀಲಿ ಬಣ್ಣದ್ದು, ಹನ್ನೊಂದನೇ ದಿನ ಇನ್ನೊಂದು. ಹುಡುಗ ಎರಡನ್ನೂ ತೊಳೆದು ಬೆಂಕಿಪೊಟ್ಟಣದಲ್ಲಿ ಇಟ್ಕೊಂಡಿದಾನೆ.

ಎರೆಹುಳದ ವಿಷ್ಯ

ಹನ್ನೆರಡನೇ ದಿನ ಮತ್ತೆ ಊಟ ಶುರು ಮಾಡೋಣ ಅಂತಾಯ್ತು. ಯಾರೋ ಪರಿಚಯದವ್ರು ಮೇಡಂಗೆ ಜೀವಂತ ಗಪ್ಪಿ ಮೀನು ಬಿಡಿ ಓಡಾಡಿದ್ರೆ ಹಿಡೀತದೆ ಅಂದಿದ್ರು, ನಾವು ಬೇಡ ಅಂದ್ವಿ, ಅಂಗಡಿ ಮೀನಿಂದ ಪರಾವಲಂಬಿ ಹುಳ ರೋಗ ಬರೋ ಸಾಧ್ಯತೆ ಇದೆ, ಕಿವಿರು ಕಿತ್ತಿಸ್ಕೊಂಡಿರೋ ಪ್ರಾಣಿ ಹತ್ರ ಮತ್ತೆ ಮೀನು ಬಿಡೋಕೆ ಮನಸ್ಸೂ ಬರ್ಲಿಲ್ಲ. ಆಕ್ಸೊಲಾಟಲ್‌ಗೆ ಎಲ್ಲಕ್ಕಿಂತ ಒಳ್ಳೇ ಊಟ ಎರೆಹುಳ, ಅದೇ ಕೊಡೋಣ ಅಂತ ಹತ್ತಿರದ ನರ್ಸರಿಯ ಎರೆಗೊಬ್ಬರದ ಗುಂಡಿಯಿಂದ ಒಂದು ಹಿಡಿ ತಂದ್ವಿ.

ರಾತ್ರಿ ಎಂಟೂವರೆಗೆ ಲೈಟ್ ಆರಿಸಿ ಒಂದು ಹುಳ ಮುಂದೆ ಬಿಟ್ವಿ. ಪಟ್ ಅಂತ ಎಳ್ಕೊಂಡ್ತು. ಎಲ್ರೂ ಉಸಿರು ಬಿಗಿ ಹಿಡಿದು ನೋಡ್ತಿದ್ವಿ, ಎರಡು ಸೆಕೆಂಡ್ ಆಗಿರ್ಲಿಲ್ಲ, ತಲೆ ಜೋರಾಗಿ ಒದರಿ ಉಗಿದು ಹಿಂದಕ್ಕೆ ಸರೀತು, ಆಮೇಲೆ ಆ ರಾತ್ರಿ ಪೈಪಿಂದ ಹೊರಗೇ ಬರ್ಲಿಲ್ಲ. ಮಾರನೇ ದಿನವೂ ಅದೇ. ಮನೆಯವ್ರೆಲ್ಲ ಕುಗ್ಗಿಹೋದ್ರು. ಹುಡುಗ ಅವತ್ತು ನಂಗೆ ಫೋನ್ ಮಾಡಿ, ಅಂಕಲ್ ಅದು ತಿನ್ನೋಕೆ ಮನಸ್ಸು ಮಾಡಿದೆ ಅಲ್ವಾ, ಹುಳಾನೇ ಏನೋ ಸರಿ ಇಲ್ಲ, ಅದ್ರಿಂದ ಹಳದಿ ನೀರು ಬರುತ್ತೆ ವಾಸ್ನೆ ಬರುತ್ತೆ ಅಂದ. ನಾನು ಆ ಎರಡು ದಿನ ಹಸಿವಿಲ್ಲ ಅಂತ ಯೋಚಿಸ್ತಿದ್ದೆ, ಇವನು ಬಾಯಿ ತೆಗೆದಿದ್ದನ್ನ ನೋಡಿದ್ದ.

ಅವನು ಹೇಳಿದ್ದೇ ಸರಿ. ಎರೆಗೊಬ್ಬರಕ್ಕೆ ಬಳಸೋ ಹುಳದಲ್ಲಿ ಜಾತಿ ಬೇರೆ ಬೇರೆ ಇದೆ. ಒಂದು ಐಸೀನಿಯಾ ಫೆಟಿಡಾ, ಸಣ್ಣದು, ಕೆಂಪು ಮೈಮೇಲೆ ಹಳದಿ ಪಟ್ಟೆ, ಮುಟ್ಟಿದ್ರೆ ಕೆಟ್ಟ ವಾಸನೆಯ ಹಳದಿ ದ್ರವ ಬಿಡುತ್ತೆ, ಅದು ಕಹಿ, ಎಷ್ಟೋ ಆಕ್ಸೊಲಾಟಲ್‌ಗಳು ಇದನ್ನ ಉಗೀತಾವೆ. ಇನ್ನೊಂದು ಯೂಡ್ರಿಲಸ್ ಯೂಜೀನಿಯೆ, ಆಫ್ರಿಕಾ ಮೂಲದ್ದು, ಉದ್ದ, ನೇರಳೆ ಛಾಯೆಯ ಮೈ, ನಮ್ಮ ಕಡೆ ಎರೆಗೊಬ್ಬರ ಮಾಡೋ ರೈತರು ತುಂಬಾ ಸಾಕೋದು ಇದನ್ನೇ. ನಾವು ತಂದಿದ್ದು ಪಟ್ಟೆ ಹುಳ. ಊರಾಚೆ ಒಂದು ತೋಟದಲ್ಲಿ ಉದ್ದ ಹುಳ ಇದೆ ಅಂತ ಗೊತ್ತಾಗಿ ಭಾನುವಾರ ಹೋಗಿ ತಂದ್ವಿ, ಔಷಧಿ ಹೊಡೆದಿಲ್ಲ ತಾನೇ ಅಂತ ಕೇಳ್ಕೊಂಡೇ. ತೇವದ ತೆಂಗಿನ ನಾರಿನ ಪುಡೀಲಿ ಎರಡು ದಿನ ಇಟ್ಟು ಹೊಟ್ಟೆ ಖಾಲಿ ಆದ್ಮೇಲೆ ತೊಳೆದು, ಎರಡು ಸೆಂಟಿಮೀಟರ್ ತುಂಡು.

ಹದಿನೇಳನೇ ದಿನ, ರಾತ್ರಿ 8:40. ತೂಕ ಅವತ್ತು ಬೆಳಿಗ್ಗೆ 41 ಗ್ರಾಂ ಇತ್ತು. ತುಂಡು ತಳಕ್ಕೆ ಬಿತ್ತು, ಅದು ಪೈಪಿಂದ ಅರ್ಧ ಹೊರಗೆ ಬಂದು ಮೂಸಿ ನೋಡೋ ಥರ ತಲೆ ಆಕಡೆ ಈಕಡೆ ಮಾಡ್ತು, ಇವಕ್ಕೆ ಕಣ್ಣು ಅಷ್ಟು ಸಾಲಲ್ಲ, ವಾಸನೆ ಮತ್ತೆ ನೀರಿನ ಅಲುಗಾಟದ ಮೇಲೇ ನಂಬಿಕೆ. ಎಳ್ಕೊಂಡ್ತು. ಕಾದ್ವಿ. ಗಂಟಲು ಒಂದ್ಸಲ ಉಬ್ಬಿ ಇಳೀತು. ಅಜ್ಜಿ ಮೆಲ್ಲಗೆ ಉಂಡ್ಬಿಡ್ತು ಕಣೋ ಅಂದ್ರು. ನಂಗೆ ಆಮೇಲೆ ಮಾತಾಡೋಕೆ ಒಂದೆರಡು ನಿಮಿಷ ಬೇಕಾಯ್ತು.

ಇನ್ನೊಂದು ಹಾಕೋಣ ಅಂತ ಎಲ್ರಿಗೂ ಆಸೆ. ನಾನು ಬಿಡ್ಲಿಲ್ಲ, ಅವತ್ತು ಒಂದೇ ತುಂಡು, ಮಾರನೇ ದಿನ ಖಾಲಿ, ಅದರ ಮಾರನೇ ದಿನ ಎರಡು. ಇಷ್ಟು ದಿನ ಖಾಲಿ ಇದ್ದ ಕರುಳಿಗೆ ಒಮ್ಮೆಲೇ ತುಂಬಿಸ್ಬಾರ್ದು.

ಮಧ್ಯೆ ಒಂದ್ಸಲ ಜಾರಿದ್ದು

24ನೇ ದಿನ ಬೆಳಿಗ್ಗೆ ಟಬ್ಬಲ್ಲಿ ಅರೆ ಕರಗಿದ ಹುಳದ ತುಂಡುಗಳು ತೇಲ್ತಿದ್ವು, ಪ್ರಾಣಿ ಮತ್ತೆ ಬಾಲ ಸುತ್ಕೊಂಡು ಕೂತಿತ್ತು. ವಿಚಾರಿಸಿದ್ರೆ ಹಿಂದಿನ ರಾತ್ರಿ ಅಜ್ಜಿ ಎರಡು ತುಂಡು ಹಾಕಿದ್ರು, ಅದು ಗೊತ್ತಿಲ್ದೆ ಹುಡುಗ ಎರಡು, ಮೇಡಂ ಬಂದು ಮತ್ತೆರಡು. ಯಾರ ತಪ್ಪೂ ಅಲ್ಲ, ಮೂರು ಜನರ ಪ್ರೀತಿ ಒಂದೇ ಹೊಟ್ಟೆಗೆ ಹೋಗಿದ್ದು. ಎರಡು ದಿನ ಊಟ ನಿಲ್ಲಿಸಿ, ನೀರು ನೋಡ್ಕೊಂಡು, ಮತ್ತೆ ಒಂದು ತುಂಡಿಂದ ಶುರು. ಅವತ್ತಿಂದ ಫ್ರಿಜ್ ಬಾಗಿಲ ಮೇಲೆ ನೋಟ್‌ಬುಕ್ಕಿನ ಹಾಳೆ ಒಂದು, ತಾರೀಕು, ನೀರಿನ ಕಡಿಮೆ ಹೆಚ್ಚು ಡಿಗ್ರಿ, ಎಷ್ಟು ತುಂಡು, ಯಾರು ಹಾಕಿದ್ದು, ಶೌಚ ಆಯ್ತಾ. ಬರೆಯದೇ ಯಾರೂ ಏನೂ ಹಾಕೋ ಹಾಗಿಲ್ಲ, ಹುಡುಗನೇ ಲೆಕ್ಕ ನೋಡೋದು. ನನ್ನ ಅನುಭವದಲ್ಲಿ ಮನೆಮಂದಿ ಎಲ್ಲ ಸೇರಿ ಆರೈಕೆ ಮಾಡುವಾಗ ಔಷಧಿಗಿಂತ ಇಂಥ ಹಾಳೆ ಒಂದು ಮೊದಲು ಬೇಕು, ನಾನು ಅದನ್ನ ಒಂದನೇ ದಿನವೇ ಅಂಟಿಸ್ಬೇಕಿತ್ತು.

ಈ ಮಧ್ಯೆ ಅವ್ರ ಮನೆಗೆ ಅಂತ ನಮ್ಮನೇಲಿ ಎರಡೂವರೆ ಅಡಿ ಟ್ಯಾಂಕ್ ರೆಡಿ ಆಗ್ತಿತ್ತು, ಕಲ್ಲಿಲ್ದೆ ಬರೀ ಗಾಜಿನ ತಳ, ನನ್ನ ಹಳೇ ಟ್ಯಾಂಕಿನ ಸ್ಪಂಜ್ ಫಿಲ್ಟರ್. ಅಮೋನಿಯಾನ ನೈಟ್ರೈಟ್ ಮಾಡಿ ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಹಳೇ ಸ್ಪಂಜ್ ಇದ್ರೆ ಸ್ವಲ್ಪ ಬೇಗ. ನೀರು ತಣ್ಣಗೆ ಮಾಡೋ ಮೆಷಿನ್, ಚಿಲ್ಲರ್ ಅಂತಾರೆ, ಸೆಕೆಂಡ್ ಹ್ಯಾಂಡ್ ಒಂದು ಸಿಕ್ತು, ಖರ್ಚು ಕಮ್ಮಿ ಏನಲ್ಲ, ಮೇಡಂ ಎರಡು ತಿಂಗಳು ಯೋಚಿಸಿ ತಗೊಂಡ್ರು. ಅದು ಬರೋ ತನಕ ಥರ್ಮಾಕೋಲ್ ಡಬ್ಬದಲ್ಲೇ ಬೇಸಿಗೆ ಕಳೀತು. ಟ್ಯಾಂಕಿಗೆ ಬಿಡೋ ಮುಂಚೆ ಮೂರು ದಿನ ಸತತ ಅಮೋನಿಯಾ ಸೊನ್ನೆ ನೈಟ್ರೈಟ್ ಸೊನ್ನೆ ಬರ್ಬೇಕು ಅನ್ನೋದಕ್ಕೆ ನಾನು ಹಠ ಹಿಡಿದೆ.

ಕಾನೂನಿನ ವಿಷ್ಯಾನೂ ಹೇಳ್ಬೇಕು, ಎಷ್ಟೋ ಜನ ಇದನ್ನ ಬಿಟ್ಬಿಡ್ತಾರೆ. ಆಕ್ಸೊಲಾಟಲ್ ಸೈಟಿಸ್, ಅಂದ್ರೆ ಅಪಾಯದಲ್ಲಿರೋ ಪ್ರಾಣಿ ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ್ಮೇಲೆ ಇಂಥ ಪ್ರಾಣಿ ಇಟ್ಕೊಂಡೋರು ನೋಂದಣಿ ಮಾಡಿಸ್ಬೇಕು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಮೇಡಂ ಹೇಗೆ ಸಿಕ್ತು ಅನ್ನೋದನ್ನ ಇದ್ದಿದ್ದು ಇದ್ದ ಹಾಗೆ ಬರೆದು ಅರ್ಜಿ ಹಾಕಿದಾರೆ. ಸಾಕೋಕಾಗಲ್ಲ ಅಂತ ಕೆರೆಗೆ ಬಿಡೋ ಯೋಚನೆ ಯಾರಿಗೂ ಬೇಡ, ಈ ಬಿಸಿ ನೀರಲ್ಲಿ ಅದು ಸಾಯುತ್ತೆ, ಅದ್ರ ಮೈಲಿರೋ ರೋಗ ನಮ್ಮ ಕಪ್ಪೆಗಳಿಗೆ ಹೋಗುತ್ತೆ. ಸೊಚಿಮಿಲ್ಕೋಲೇ ಇದ್ರ ಗತಿ ನೋಡಿ, 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದಿದ್ದು 2014ರ ಎಣಿಕೇಲಿ 36ಕ್ಕೆ ಇಳಿದಿತ್ತು, ನೀರು ಕೆಟ್ಟಿದ್ದು ಒಂದು ಕಾರಣ, ಜನ ತಂದು ಬಿಟ್ಟ ಕಾರ್ಪ್ ತಿಲಾಪಿಯಾ ಮೀನು ಇನ್ನೊಂದು. ಹೊರಗಿಂದ ತಂದು ನೀರಿಗೆ ಬಿಟ್ರೆ ಏನಾಗುತ್ತೆ ಅನ್ನೋದು ಈ ಪ್ರಾಣಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಇಂಥ ಪ್ರಾಣಿ ನಾಳೆ ಇನ್ನೊಂದು ಬಂದ್ರೆ ನಾನು ಏನು ಬೇರೆ ಮಾಡ್ತೀನಿ ಅಂತ ಮೇಡಂ ಕೇಳಿದ್ರು. ಮೊದಲ ನಾಲ್ಕು ದಿನ ಊಟದ ಡಬ್ಬ ತೆಗೆಯೋದೇ ಇಲ್ಲ. ಅಲ್ಲಿ ತನಕ ಟಬ್, ತಣ್ಣನೆ, ಕತ್ತಲು, ದಿನಾ ಹೊಸ ನೀರು, ಕಡಿಮೆ ಹೆಚ್ಚು ಎರಡೂ ತೋರಿಸೋ ಥರ್ಮಾಮೀಟರ್. ಕಲ್ಲಿದ್ದ ಟ್ಯಾಂಕಿಂದ ಬಂದಿದ್ರೆ ಐದನೇ ದಿನ ಅಲ್ಲ, ಎರಡನೇ ದಿನವೇ ಎಕ್ಸ್‌ರೇ. ಬಾಲ ನೇರ ಆಗಿ ಕಿವಿರು ಹಿಂದಕ್ಕೆ ಹೋದ್ಮೇಲೆ ಒಂದು ತುಂಡು, ಪಟ್ಟೆ ಇಲ್ಲದ ಹುಳದ್ದು. ಒಂದ್ಸಲಕ್ಕೆ ಒಂದೇ ಬದಲಾವಣೆ, ಇಲ್ಲಾಂದ್ರೆ ಯಾವ್ದು ಕೆಲಸ ಮಾಡ್ತು ಯಾವ್ದು ಕೆಡಿಸ್ತು ಅಂತ ತಿಳಿಯೋದೇ ಇಲ್ಲ.

ಈಗ ವಾರಕ್ಕೆ ಮೂರು ದಿನ ಊಟ, ಮಂಗಳವಾರ ಶುಕ್ರವಾರ ಭಾನುವಾರ, ರಾತ್ರಿ ಎಂಟೂವರೆಗೆ ಅಜ್ಜಿ ತಾವೇ ಟಿವಿ ಆರಿಸಿ ಹಾಲಿನ ಲೈಟ್ ತೆಗೀತಾರೆ. ಕರೆಂಟ್ ಹೋದ್ರೆ ಅಂತ ಫ್ರೀಜರಲ್ಲಿ ಅರ್ಧ ಲೀಟರಿನ ನಾಲ್ಕು ಬಾಟಲಿ ಯಾವಾಗ್ಲೂ ಇರ್ತವೆ. ತೂಕ 68 ಗ್ರಾಂ. ಕಿವಿರಿನಲ್ಲಿ ಕೆಂಪು ಎಳೆಗಳು ಮೂಡಿವೆ, ಬಲಗಡೆ ಇನ್ನೂ ಎಡಗಡೆಗಿಂತ ಗಿಡ್ಡ. ಹೋದ ವಾರ ಹುಡುಗ ಮುಂದಿನ ಎಡಗಾಲಿನ ಫೋಟೋ ಹತ್ತಿರದಿಂದ ತೆಗೆದು ಕಳಿಸಿದ್ದ, ಮೂರನೇ ಬೆರಳು ಪೂರ್ತಿ ಬಂದಿದೆ, ನಾಲ್ಕನೇದು ಅಕ್ಕಿಕಾಳಿನ ತುದಿಯಷ್ಟು.